ಬಹರೈನಿನಲ್ಲಿ ಗಾಳಿಗೆ ಮುಡಿ ಕಟ್ಟಿದ್ದು

ಪರದೇಶಕ್ಕೆ ಹೋಗಿ ಬಂದವನನ್ನು ನಮ್ಮ ಕಡೆಯವರು ಮುಖ್ಯವಾಗಿ ಕೇಳುವುದು ಎರಡು ಮಾತು. ಅಲ್ಲಿ ಮೀನು ಸಿಗುತ್ತದೆಯೇ, ಮತ್ತು ಅಲ್ಲಿಯವರು ನಿನ್ನನ್ನು ಹೇಗೆ ನೋಡಿಕೊಂಡರು. ಮೀನು ಧಾರಾಳ ಸಿಗುತ್ತದೆ. ಎರಡನೆಯ ಪ್ರಶ್ನೆ ಬಂದಾಗ ನಾನು ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಬಿಡುತ್ತೇನೆ. ಅವರು ನನ್ನನ್ನು ಬಹಳ ಚೆನ್ನಾಗಿ ನೋಡಿಕೊಂಡರು, ನನ್ನ ಯೋಗ್ಯತೆಗೆ ಮೀರಿ ನೋಡಿಕೊಂಡರು. ಹಾಗಾಗಿ ಆ ಊರಿನ ನೆನಪಾದರೆ ಈಗಲೂ ಮುಖ ಬಿಸಿಯಾಗುತ್ತದೆ.

ನಾನು ಶಿರ್ತಾಡಿಯವನು. ಮೂಡುಬಿದಿರೆಯಲ್ಲಿ ಶಾಲೆ ಮುಗಿಸಿ ಬೊಂಬಾಯಿಗೆ ಓಡಿದವರ ಪೈಕಿ ಒಬ್ಬ. ಅಲ್ಲಿ ನಕಾಶೆ ಬರೆಯಲು ಕಲಿತೆ. ಸಿನಿಮಾ ಮಂದಿರಗಳೊಳಗೆ ತಂಪು ಗಾಳಿ ಬರುತ್ತದಲ್ಲ, ಅದು ಯಂತ್ರದಿಂದ ಹೊರಟು ಚಾವಣಿಯ ಮೇಲೆ ಅಡಗಿಸಿಟ್ಟ ತಗಡಿನ ದೊಡ್ಡ ಕೊಳವೆಗಳಲ್ಲಿ ಹರಿದು ಬರುತ್ತದೆ. ಡಕ್ಟ್ ಎನ್ನುತ್ತಾರೆ. ಆ ಡಕ್ಟ್ ಎಲ್ಲಿ ತಿರುಗಬೇಕು, ಎಷ್ಟು ಅಗಲ ಇರಬೇಕು, ಅದರ ಮೇಲೆ ಎಷ್ಟು ದಪ್ಪದ ಹೊದಿಕೆ ಬೇಕು ಎಂದು ಕಾಗದದ ಮೇಲೆ ಬರೆಯುವುದು ನನ್ನ ಕೆಲಸ. ಕಾಗದದ ಮೇಲೆ ಎಂಬ ಮಾತನ್ನು ಓದುಗರು ಗಮನಿಸಬೇಕು.

ನನ್ನನ್ನು ಬಹರೈನಿಗೆ ಕರೆದವನು ವಾಮದಪದವಿನ ಇದ್ದಿನಬ್ಬ. ಅವನ ತಂದೆ ನಮ್ಮ ಮನೆಯಿಂದ ಬೈಹುಲ್ಲಿನಲ್ಲಿ ಕಟ್ಟಿದ ಅಕ್ಕಿ ಮುಡಿ ಕೊಂಡು ಎತ್ತಿನ ಗಾಡಿಯಲ್ಲಿ ಬಂಟ್ವಾಳಕ್ಕೆ ಸಾಗಿಸುತ್ತಿದ್ದ ವ್ಯಾಪಾರಿ. ಇದ್ದಿನಬ್ಬ ಮುತ್ತಿನ ವ್ಯಾಪಾರದ ಒಬ್ಬ ಹಳೆಯ ಹಾಜಿಯ ಹತ್ತಿರ ಮೇಸ್ತ್ರಿಯಾಗಿದ್ದ. ಹಾಜಿಯ ತಾಯಿಗೆ ಉಬ್ಬಸ. ಬೇಸಿಗೆಯಲ್ಲಿ ಊರಿನವರೆಲ್ಲ ತಾರಸಿಯ ಮೇಲೆ ಮಲಗಿದರೆ ಆಕೆಗೆ ಮೆಟ್ಟಿಲು ಹತ್ತಲಾಗದು. ಕೆಳಗಿನ ಕೋಣೆಯಲ್ಲಿ ನಿದ್ದೆಯಿಲ್ಲದೆ ಕುಳಿತೇ ಬೆಳಗು ಮಾಡುತ್ತಿದ್ದಳು. ಕಿಟಕಿಗೆ ಕೂರಿಸುವ ಯಂತ್ರದ ಸದ್ದು ಅವಳಿಗೆ ಆಗದು. ಯಂತ್ರವನ್ನು ದೂರ ಇಟ್ಟು ತಂಪನ್ನು ಮಾತ್ರ ಒಳಗೆ ತರಬೇಕು. ಅದು ಆದರೆ ಹಿತ್ತಲಿನ ಎರಡು ಕೋಣೆ ಕೊಡುತ್ತೇನೆ, ಹೆಂಡತಿಯನ್ನು ಕರೆಸಿಕೋ ಎಂದು ಹಾಜಿ ಮಾತು ಕೊಟ್ಟಿದ್ದರಂತೆ. ಮದುವೆಯಾದ ಮೇಲೆ ಇದ್ದಿನಬ್ಬ ಊರಲ್ಲಿ ಹೆಂಡತಿಯೊಂದಿಗೆ ಇದ್ದದ್ದು ರಜೆಯ ದಿನಗಳಲ್ಲಿ ಮಾತ್ರ.

ರಜೆ ಮುಗಿಸಿ ಊರಿನಿಂದ ಬಹರೈನಿಗೆ ಮರಳುವಾಗ ಬೊಂಬಾಯಿಯಲ್ಲಿ ನನ್ನನ್ನು ಹುಡುಕಿಕೊಂಡು ಬಂದ. "ನೀವು ಬಂದ್ರೆ ಆ ಅಜ್ಜಿಗೂ ನಿದ್ದೆ ಬರ್ತದೆ ಶೆಟ್ರೇ, ನನ್ನ ಐಸಮ್ಮನೂ ಬರ್ತಾಳೆ" ಎಂದ. ಇಂಥ ಮಾತು ಕೇಳಿದ ಮೇಲೆ ಇಲ್ಲ ಎನ್ನುವುದು ಹೇಗೆ? ಜಂಬವೂ ಇತ್ತು ಎಂದು ಒಪ್ಪಿಕೊಳ್ಳುತ್ತೇನೆ.

ಹಡಗಿನ ಮೇಲೆ

ಹಡಗಿನಲ್ಲಿ ಯಾರೋ ಕೇಳಿದಾಗ ಎಂಜಿನಿಯರ್ ಎಂದುಬಿಟ್ಟೆ. ಆ ಮಾತು ಅಡುಗೆಯ ಹೊಗೆಯ ಹಾಗೆ ಡೆಕ್ಕಿನ ತುಂಬ ಹರಡಿತು. ಪಕ್ಕದ ಚಾಪೆಯ ಪಠಾಣನೊಬ್ಬ ತನ್ನ ಸೀಮೆಎಣ್ಣೆಯ ಪ್ರೈಮಸ್ ಒಲೆಯನ್ನು ತಂದು, ಸಾಹೇಬರೇ, ಇದು ಸ್ವಲ್ಪ ಉಸಿರು ಕಟ್ಟುತ್ತಿದೆ ಎಂದು ಮುಂದಿಟ್ಟ. ನಾನು ಗಂಭೀರವಾಗಿ ಬಿಚ್ಚಿದೆ. ಮತ್ತೆ ಜೋಡಿಸುವಾಗ ಒಂದು ತುಂಡು ಕೈಯಲ್ಲೇ ಉಳಿಯಿತು. ಮುಂಚೆ ಉಸಿರು ಕಟ್ಟುತ್ತಿದ್ದ ಒಲೆ ಈಗ ಪೂರ್ತಿ ಕಣ್ಣು ಮುಚ್ಚಿತು.

ಆ ಮನುಷ್ಯ ಬೈಯಲಿಲ್ಲ. ದಾರಿಯುದ್ದಕ್ಕೂ ಒಣ ರೊಟ್ಟಿಯನ್ನು ನೀರಿನಲ್ಲಿ ಅದ್ದಿ ತಿಂದ, ಪ್ರತಿ ಸಲ ಅರ್ಧ ಮುರಿದು ನನಗೆ ಕೊಟ್ಟ. ಅಷ್ಟಕ್ಕೇ ನನಗೆ ಬುದ್ಧಿ ಬರಬೇಕಿತ್ತು.

ಮುಹರ್ರಕ್: ಗಾಳಿಗೋಪುರ

ಹಾಜಿಯ ಮನೆ ಮುಹರ್ರಕ್ ಎಂಬ ಊರಿನ ಇಕ್ಕಟ್ಟಾದ ಓಣಿಯಲ್ಲಿತ್ತು. ಹವಳದ ಕಲ್ಲಿನ ಗೋಡೆ, ನಡುವೆ ಅಂಗಳ, ಮೂಲೆಯಲ್ಲಿ ಒಂದು ಎತ್ತರದ ಗೋಪುರ. ಆ ಗೋಪುರ ದೇವರಿಗಲ್ಲ, ಗಾಳಿಗೆ. ನಾಲ್ಕೂ ಕಡೆ ಬಾಯಿ ತೆರೆದು ನಿಂತು ಮೇಲೆ ಬೀಸುವ ಗಾಳಿಯನ್ನು ಹಿಡಿದು ಕೆಳಗಿನ ಕೋಣೆಗೆ ಇಳಿಸುತ್ತದೆ. ನಾವು ಊರಿನಲ್ಲಿ ಹಂಚಿನ ಮಾಡಿನ ಕೆಳಗೆ ಸಂದು ಬಿಟ್ಟು ಗಾಳಿ ಬಂದಷ್ಟು ಬರಲಿ ಎಂದು ಸುಮ್ಮನಿರುತ್ತೇವೆ. ಇವರು ಗಾಳಿಗೆ ಹಾಸುಗೆಯವರೆಗೆ ದಾರಿ ಕಡಿದು ಕೊಟ್ಟಿದ್ದಾರೆ. ಬೀಸುವ ಗಾಳಿಯೇ ಬಿಸಿಯಾದರೆ ಮಾತ್ರ ಗೋಪುರವೂ ಕೈಚೆಲ್ಲುತ್ತದೆ.

ನನ್ನ ಡಕ್ಟನ್ನು ಈ ಗೋಪುರದೊಳಗೇ ಇಳಿಸಿದರೆ ಗೋಡೆ ಒಡೆಯುವುದು ತಪ್ಪುತ್ತದೆ ಎಂದು ಹೊಳೆಯಿತು. ಹೊಳೆದದ್ದೇ ತಡ, ಅಳತೆ ಪಟ್ಟಿ ಹಿಡಿದು ಹತ್ತಿಬಿಟ್ಟೆ. ಮೇಲಿನಿಂದ ನೋಡಿದರೆ ಸುತ್ತಲಿನ ಮನೆಗಳ ಅಂಗಳವೆಲ್ಲ ಕಣ್ಣ ಮುಂದೆ. ಬಟ್ಟೆ ಒಣಗಿಸುತ್ತಿದ್ದ ಹೆಂಗಸರು ನನ್ನನ್ನು ಕಂಡು ಬುಟ್ಟಿ ಬಿಟ್ಟು ಒಳಗೆ ಓಡಿದರು. ನಾನು ಏನಾಯಿತೋ ಎಂದು ಇನ್ನೂ ಬಗ್ಗಿ ನೋಡಿದೆ. ಆ ಊರಿನಲ್ಲಿ ಎತ್ತರಕ್ಕೆ ಹತ್ತುವವನು ಮೊದಲು ಗಟ್ಟಿಯಾಗಿ ಕೂಗಿ, ಹೆಂಗಸರು ಒಳಗೆ ಹೋಗಲು ಸಮಯ ಕೊಟ್ಟು ಹತ್ತಬೇಕಂತೆ. ಯಾರೂ ಹೇಳಿಕೊಡದ ಈ ಮರ್ಯಾದೆ ಹೊಳೆಯದೆ ಹೋದದ್ದಕ್ಕೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಇದ್ದಿನಬ್ಬ ಮನೆಮನೆಗೆ ಹೋಗಿ ನನ್ನ ಪರವಾಗಿ ಕ್ಷಮೆ ಕೇಳಿ ಬಂದ.

ನಕಾಶೆಯ ಮಟ್ಟಿಗೆ ನಾನು ದಡ್ಡನಲ್ಲ. ಸಿನಿಮಾ ಮಂದಿರದ ಡಕ್ಟಿನಲ್ಲಿ ಮನುಷ್ಯ ತೆವಳಬಹುದು. ಮನೆಯಲ್ಲಿ ಅಷ್ಟು ಜಾಗವಿಲ್ಲ. ಗೋಪುರದ ಒಂದು ಬದಿಯಿಂದ ಒಳಗೆ ತಂದು, ಅಜ್ಜಿಯ ಕೋಣೆಯ ಚಾವಣಿಯ ಮರದ ಗಳುಗಳ ಕೆಳಗೆ ಚಪ್ಪಟೆ ಡಕ್ಟ್ ಹಾಯಿಸಿ ಅದನ್ನು ಜಿಪ್ಸಂ ಹಲಗೆಯಿಂದ ಮುಚ್ಚಿದೆ. ತಿರುವುಗಳನ್ನು ಚೌಕ ಮಾಡದೆ ದುಂಡಗೆ ಮಾಡಿಸಿದೆ, ಗಾಳಿ ಮೂಲೆಗೆ ಹೊಡೆದು ಸುಸ್ತಾಗಬಾರದಲ್ಲ. ಮೊದಲ ಸಲ ಯಂತ್ರ ಓಡಿಸಿದಾಗ ಅಜ್ಜಿ, ಗೋಡೆಯಲ್ಲಿ ಹಾವು ಬುಸುಗುಡುತ್ತಿದೆ ಎಂದು ಹಾಸುಗೆ ಬಿಟ್ಟು ಎದ್ದಳು. ಗಾಳಿ ಬರುವ ಬಾಯಿಯನ್ನು ಎರಡು ಪಾಲು ಅಗಲ ಮಾಡಿದೆ. ಗಾಳಿ ನಿಧಾನವಾಯಿತು, ಹಾವು ಹೋಯಿತು. ಅಜ್ಜಿ ನನ್ನ ತಲೆಯ ಮೇಲೆ ಕೈಯಿಟ್ಟು ಏನೋ ಹರಸಿದಳು. ಅದೊಂದೇ ದಿನ ನಾನು ಆ ಮನೆಯಲ್ಲಿ ತಲೆಯೆತ್ತಿ ನಡೆದದ್ದು.

ಇದ್ದಿನಬ್ಬನ ಕೋಣೆ

ನನ್ನ ವಾಸ ಇದ್ದಿನಬ್ಬನ ಕೋಣೆಯಲ್ಲಿ. ಹೋದ ದಿನವೇ ಅವನು ಒಂದು ಮೂಲೆ ತೋರಿಸಿದ. ಹೊಸ ಪಾತ್ರೆ, ಹೊಸ ತಟ್ಟೆ, ಹೊಸ ಲೋಟ, ಬೇರೆ ಒಲೆ. ಅವನು ಇನ್ನೂ ಮುಟ್ಟಿಲ್ಲ, ಅಂಗಡಿಯವನ ಕೈಯಿಂದಲೇ ಇಡಿಸಿದ್ದಾನೆ ಎಂದು ವಿವರಿಸಿದ. ನಾನು ಕೇಳಿರಲಿಲ್ಲ. ಬೇಡ ಎಂದೂ ಹೇಳಲಿಲ್ಲ.

ನಮ್ಮ ಮನೆಗೆ ಅವನ ತಂದೆ ಬಂದರೆ ಅಂಗಳದ ಕಟ್ಟೆಯ ಮೇಲೆ ಕೂರುತ್ತಿದ್ದರು. ನೀರು ಬೇಕೆಂದರೆ ನಮ್ಮ ಕೆಲಸದವಳು ಎತ್ತರದಿಂದ ಹೊಯ್ಯುತ್ತಿದ್ದಳು, ಅವರು ಬೊಗಸೆಯೊಡ್ಡಿ ಕುಡಿಯುತ್ತಿದ್ದರು. ಅದೆಲ್ಲ ನೋಡುತ್ತಲೇ ದೊಡ್ಡವನಾದೆ. ನೋಡಿದ್ದು ಎದ್ದು ಕಂಡದ್ದು ಮಾತ್ರ ಸಮುದ್ರದಾಚೆ, ಆ ಹೊಸ ಲೋಟದ ಎದುರು.

ಅಡುಗೆ ನನಗೆ ಬಾರದು. ಒಂದೆರಡು ಸಲ ಅನ್ನ ಸೀಯಿಸಿ, ಆಮೇಲೆ ಅವನ ಮೀನು ಸಾರನ್ನೇ ತಿನ್ನತೊಡಗಿದೆ. ಆದರೂ ಅವನು ಸೌಟನ್ನು ನನ್ನ ತಟ್ಟೆಗೆ ತಾಗಿಸದೆ ಮೇಲಿನಿಂದಲೇ ಬಡಿಸುತ್ತಿದ್ದ. ಒಂದು ಶುಕ್ರವಾರ ಹಾಜಿಯ ಮನೆಯಲ್ಲಿ ಊಟ. ಅಲ್ಲಿ ದೊಡ್ಡ ಹರಿವಾಣದಲ್ಲಿ ಅನ್ನ ಸುರಿದು ಸುತ್ತ ಕೂತು ಎಲ್ಲರೂ ಒಂದೇ ರಾಶಿಗೆ ಕೈ ಹಾಕುತ್ತಾರೆ. ಹಾಜಿ, ಹಾಜಿಯ ಕಾರು ಓಡಿಸುವವನು, ಇದ್ದಿನಬ್ಬ, ನಾನು. ಹಾಜಿ ಒಳ್ಳೆಯ ತುಂಡನ್ನು ಮುರಿದು ನನ್ನ ಮುಂದೆ ತಳ್ಳಿದರು. ಊಟ ಸೊಗಸಾಗಿತ್ತು, ಯಾರ ಕೈ ಎಲ್ಲಿತ್ತೆಂದು ನನಗೆ ನೆನಪೇ ಇಲ್ಲ.

ಸಂಜೆ ಕೋಣೆಯಲ್ಲಿ ಅವನು ಮತ್ತೆ ಸೌಟು ಎತ್ತರ ಹಿಡಿದ. ಸಾಕು ಮಾರಾಯ, ಇನ್ನು ಒಂದೇ ತಟ್ಟೆ ಸಾಕು ಎಂದೆ. ಅವನು ನಕ್ಕ.

"ಇಲ್ಲಿ ಸರಿ ಶೆಟ್ರೇ. ನನಗೆ ಅಭ್ಯಾಸ ತಪ್ಪಿದ್ರೆ ಊರಿಗೆ ಹೋದ ಮೇಲೆ ನಿಮ್ಮ ಅಂಗಳದಲ್ಲಿ ಕಷ್ಟ ಆಗ್ತದೆ."

ಅವನು ಹೇಳಿದ್ದರಲ್ಲಿ ಸಿಟ್ಟಿರಲಿಲ್ಲ, ಲೆಕ್ಕಾಚಾರವಿತ್ತು, ಮತ್ತು ಅದು ಸರಿಯಾಗಿತ್ತು.

ಮುಡಿ ಕಟ್ಟಿದ ದಿನಗಳು

ಡಕ್ಟನ್ನು ಮೇಲೇರಿಸಿ ಹಲಗೆಯಿಂದ ಮುಚ್ಚುವ ಮೊದಲು ಮಾಡಿದ ಕೆಲಸವೊಂದನ್ನು ಇನ್ನೂ ಹೇಳಿಲ್ಲ. ಡಕ್ಟ್ ಎಂಬುದು ಬರಿ ತಗಡು. ಒಳಗೆ ತಣ್ಣನೆಯ ಗಾಳಿ, ಹೊರಗೆ ಬಿಸಿ. ಹೊದಿಕೆ ಇಲ್ಲದಿದ್ದರೆ ತಂಪು ದಾರಿಯಲ್ಲೇ ಸೋರಿಹೋಗುತ್ತದೆ. ಸೆಖೆಯಲ್ಲಿ ತಣ್ಣೀರಿನ ಚೆಂಬು ಬೆವರುವ ಹಾಗೆ ತಗಡೂ ಬೆವರುತ್ತದೆ. ಅದಕ್ಕೆ ಗಾಜಿನ ನಾರಿನಿಂದ ಮಾಡಿದ ಹತ್ತಿಯಂಥ ವಸ್ತುವನ್ನು ಸುತ್ತುತ್ತಾರೆ, ಮೇಲೆ ಡಾಮರು ಕಾಗದ. ಮುಟ್ಟಿದರೆ ಮೈಯೆಲ್ಲ ತುರಿಕೆ. ಬೊಂಬಾಯಿಯಲ್ಲಿ ಇದನ್ನು ಸುತ್ತಲು ಬೇರೆಯೇ ಜನ ಇರುತ್ತಿದ್ದರು. ಇಲ್ಲಿ ನಾನು, ಇದ್ದಿನಬ್ಬ ಇಬ್ಬರೇ.

ಆ ಹತ್ತಿಯ ಸುರುಳಿಯನ್ನು ಮೊದಲು ಕೈಗೆ ತೆಗೆದುಕೊಂಡಾಗ ಇಬ್ಬರಿಗೂ ಒಂದೇ ನೆನಪು ಬಂತು, ಅಕ್ಕಿ ಮುಡಿ. ಕೊಯ್ಲಾದ ಮೇಲೆ ಅಂಗಳದಲ್ಲಿ ಬೈಹುಲ್ಲು ಹರಡಿ, ಅಕ್ಕಿ ಸುರಿದು, ಹುಲ್ಲನ್ನು ಮಡಚಿ, ಹಗ್ಗದಿಂದ ಬಿಗಿದು, ಮರದ ಕೊಡತಿಯಿಂದ ಬಡಿದು ದುಂಡಗೆ ಮಾಡುವುದು. ಬಡಿದಷ್ಟೂ ಬಿಗಿ, ಬಿಗಿದಷ್ಟೂ ಭದ್ರ. ಒಳ್ಳೆಯ ಮುಡಿಯನ್ನು ಮೆಟ್ಟಿಲಿನಿಂದ ಉರುಳಿಸಿದರೂ ಒಂದು ಕಾಳು ಹೊರಗೆ ಬೀಳದು, ಮಳೆಗಾಲ ಕಳೆದರೂ ಹುಳ ಹತ್ತದು. ಸಡಿಲ ಮುಡಿ ಕಟ್ಟಿದವನನ್ನು ನಮ್ಮಲ್ಲಿ ಮದುವೆ ಮನೆಯವರೆಗೂ ಹಾಸ್ಯ ಮಾಡುತ್ತಾರೆ.

ಇದನ್ನೂ ಹಾಗೆಯೇ ಕಟ್ಟುವ ಎಂದೆ. ಇದ್ದಿನಬ್ಬ ಒಮ್ಮೆ ಅನುಮಾನಿಸಿ, ಅಷ್ಟು ಬಿಗಿ ಬೇಕಾ ಎಂದು ಕೇಳಿದ. ಬೇಕು ಎಂದೆ. ನಾನು ನಕಾಶೆಯವನು, ಅವನು ಒಪ್ಪಿದ. ಪೇಟೆಯಿಂದ ಮಲಬಾರಿನ ತೆಂಗಿನ ನಾರಿನ ಹಗ್ಗ ಹುಡುಕಿ ತಂದೆವು. ಒಬ್ಬ ಹಗ್ಗದ ತುದಿಯನ್ನು ಕಾಲಿನಿಂದ ಒತ್ತಿ ಎಳೆಯುವುದು, ಇನ್ನೊಬ್ಬ ಕೊಡತಿಯಿಂದ ಬಡಿಯುವುದು. ಬಹರೈನಿನ ಸೆಖೆಯಲ್ಲಿ ಬೆವರು ಸುರಿಸುತ್ತ ಇಬ್ಬರೂ ಊರಿನ ಕೊಯ್ಲಿನ ಕಥೆ ಹೇಳಿ ನಕ್ಕೆವು. ಕಟ್ಟಿ ಮುಗಿದಾಗ ಡಕ್ಟ್ ಕಾಲಿನಿಂದ ಒದ್ದರೂ ಅಲುಗದಷ್ಟು ಗಟ್ಟಿಯಾಗಿತ್ತು. ಮುದುಕ ಹಾಜಿ ಬಂದು ಬೆರಳಿನಿಂದ ತಟ್ಟಿ, ಹಡಗಿನವರು ಕಟ್ಟಿದ ಹಾಗಿದೆ ಎಂದು ಮೆಚ್ಚಿದರು.

ಈಗ ಯೋಚಿಸಿದರೆ ನಗುವೂ ಬರುವುದಿಲ್ಲ. ಆ ಹತ್ತಿ ಕೆಲಸ ಮಾಡುವುದು ಅದರ ನಾರಿನಿಂದಲ್ಲ, ನಾರುಗಳ ನಡುವೆ ಸಿಕ್ಕಿಕೊಂಡ ಗಾಳಿಯಿಂದ. ಉಬ್ಬಿಕೊಂಡು ಸಡಿಲವಾಗಿ ಇದ್ದರೆ ಮಾತ್ರ ಅದು ಹೊದಿಕೆ. ಬಡಿದು ಬಿಗಿದರೆ ಚಿಂದಿ. ಎರಡು ಇಂಚು ದಪ್ಪ ಇರಬೇಕೆಂದು ನಕಾಶೆಯಲ್ಲಿ ನಾನೇ ಬರೆದಿದ್ದೆ. ಹಗ್ಗ ಎಳೆಯುವಾಗ ಆ ನಕಾಶೆ ಪಕ್ಕದಲ್ಲೇ ಬಿದ್ದಿತ್ತು, ಅದರ ಮೇಲೆ ನಾವು ಚಹಾದ ಲೋಟ ಇಟ್ಟಿದ್ದೆವು.

ತೆಂಕಣ ಗಾಳಿ

ಮೊದಲ ಕೆಲವು ವಾರ ಏನೂ ತಿಳಿಯಲಿಲ್ಲ. ಆ ದಿನಗಳಲ್ಲಿ ಅಲ್ಲಿ ಮರಳುಗಾಡಿನ ಒಣ ಗಾಳಿ ಬೀಸುತ್ತದೆ, ಒಣ ಗಾಳಿಯಲ್ಲಿ ಚೆಂಬು ಬೆವರುವುದಿಲ್ಲ. ಅಜ್ಜಿ ಮಲಗಿ ನಿದ್ದೆ ಮಾಡಿದಳು. ಹಿತ್ತಲಿನ ಕೋಣೆಗಳಿಗೆ ಸುಣ್ಣ ಹೊಡೆಯಲು ಹಾಜಿ ಹೇಳಿದರು. ಐಸಮ್ಮ ಹೊರಡಲು ತಯಾರಾಗಲಿ ಎಂದು ಊರಿಗೆ ಹೋಗುವ ಒಬ್ಬರ ಬಳಿ ಇದ್ದಿನಬ್ಬ ಹೇಳಿ ಕಳಿಸಿದ.

ಆಮೇಲೆ ಗಾಳಿ ತೆಂಕಣಕ್ಕೆ ತಿರುಗಿತು. ಸಮುದ್ರದ ತೇವವೆಲ್ಲ ಊರಿನ ಮೇಲೆ ಬಂದು ಕೂತಿತು. ನಮ್ಮ ಮುಂಗಾರಿನ ಮುಂಚಿನ ದಿನಗಳ ಸೆಖೆಯೇ ಇದರ ಮುಂದೆ ಎಷ್ಟೋ ವಾಸಿ. ಅಜ್ಜಿಯ ತಂಪು ಕೋಣೆಯನ್ನು ನೋಡಲು ನೆಂಟರು ಬಂದಿದ್ದ ಒಂದು ಮಧ್ಯಾಹ್ನ, ಆಕೆ ಹೆಮ್ಮೆಯಿಂದ ಹಾಸುಗೆಯ ಮೇಲೆ ಕುಳಿತು ಎಲ್ಲರಿಗೂ ಗಾಳಿಯ ಬಾಯಿ ತೋರಿಸುತ್ತಿದ್ದಾಗ, ಚಾವಣಿಯ ಜಿಪ್ಸಂ ಹಲಗೆ ನೆನೆದ ರೊಟ್ಟಿಯಂತೆ ಕುಸಿದು ಅವಳ ಮಡಿಲ ಮೇಲೆ ಬಿತ್ತು. ಹಿಂದೆಯೇ ನೀರು. ಪೆಟ್ಟಾಗಲಿಲ್ಲ. ಆದರೆ ಧೂಳು ಎದೆಗೆ ಹೋಗಿ ಉಬ್ಬಸ ಕೆರಳಿತು. ಉಸಿರು ಸಿಗದೆ ಬಾಯಿ ತೆರೆದ ಆ ಮುಖವನ್ನು ನೋಡಿ ನಾನು ಯಂತ್ರ ನಿಲ್ಲಿಸಲು ಓಡಿದೆ. ಹಾಜಿಯೇ ತಾಯಿಯನ್ನು ಎತ್ತಿಕೊಂಡು ಹೋಗಿ ಹಳೆಯ ಗಾಳಿಗೋಪುರದ ಕೆಳಗೆ ಮಲಗಿಸಿದರು. ಸಾಯಂಕಾಲದ ಹೊತ್ತಿಗೆ ಉಸಿರು ಹಿಡಿತಕ್ಕೆ ಬಂತು.

ನಾನು ಏಣಿ ಹತ್ತಿ ಹಗ್ಗ ಬಿಚ್ಚಿದೆ. ಹಗ್ಗ ಡಾಮರು ಕಾಗದವನ್ನು ಕೊಯ್ದು ಒಳಗಿಳಿದಿತ್ತು. ಎರಡು ಇಂಚಿನ ಹತ್ತಿ ಹಪ್ಪಳದಷ್ಟು ತೆಳ್ಳಗೆ ಅಪ್ಪಚ್ಚಿಯಾಗಿ ನೀರು ಕುಡಿದು ಕೂತಿತ್ತು. ಮುಟ್ಟಿದ ಕೂಡಲೇ ಎಲ್ಲ ಅರ್ಥವಾಯಿತು. ಕೆಳಗಿಳಿದರೆ ಮನೆಯವರು ಮೂಲೆಯಲ್ಲಿ ನನಗೆ ಊಟ ಇಟ್ಟಿದ್ದರು. ಗಲಾಟೆಯಲ್ಲಿ ಅತಿಥಿ ಹಸಿದು ಉಳಿಯಬಾರದೆಂದು ಹಾಜಿ ಹೇಳಿ ಹೋಗಿದ್ದರಂತೆ. ಆ ಅನ್ನದ ಮುಂದೆ ಕೂತು ನಾನು ನಾಚಿಕೆಯಿಂದ ಅತ್ತೆ.

ಮರುದಿನ ಹಾಜಿ ಇಬ್ಬರನ್ನೂ ಕರೆದರು. ಮುತ್ತು ಮಾರಲು ಬೊಂಬಾಯಿಗೆ ಹೋಗಿ ಬಂದು ಅವರಿಗೆ ಹಿಂದೂಸ್ತಾನಿ ಚೆನ್ನಾಗಿ ಬರುತ್ತಿತ್ತು. ಕಟ್ಟಿದ್ದು ಯಾರು ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಇದ್ದಿನಬ್ಬ, ಕಟ್ಟಿದ್ದು ನಾನು, ಇವರದು ನಕಾಶೆ ಮಾತ್ರ, ನಕಾಶೆ ಸರಿಯಾಗಿದೆ ಎಂದ. ನಾನು ತಡೆದೆ. ಬಿಗಿಯಾಗಿ ಕಟ್ಟಲು ಹೇಳಿದ್ದು ನಾನು, ಬೇಕಾ ಎಂದು ಅವನು ಕೇಳಿದ್ದ, ನಾನೇ ಹಟ ಹಿಡಿದೆ, ತಪ್ಪು ಪೂರ್ತಿ ನನ್ನದು ಎಂದು ಬಿಡಿಬಿಡಿಯಾಗಿ ಹೇಳಿದೆ.

ಹಾಜಿ ನನ್ನನ್ನೇ ನೋಡಿ ತಲೆಯಾಡಿಸಿದರು. "ಊಟ ಹಾಕಿದವನ ತಪ್ಪನ್ನು ಅತಿಥಿ ತನ್ನ ಮೇಲೆ ಹಾಕಿಕೊಳ್ಳುವುದು ನಮ್ಮಲ್ಲೂ ಇದೆ. ನೀವು ದೊಡ್ಡ ಮನೆಯವರು ಎಂದು ಇವನು ಹೇಳಿದ್ದ. ಈಗ ಕಂಡೆ." ಆಮೇಲೆ ಇದ್ದಿನಬ್ಬನ ಕಡೆ ತಿರುಗಿದಾಗ ಆ ಕಣ್ಣಿನಲ್ಲಿ ಮೊದಲಿನ ಪ್ರೀತಿ ಇರಲಿಲ್ಲ.

ಓಣಿಯಲ್ಲಿ ಇದ್ದಿನಬ್ಬ ನನ್ನ ಮೇಲೆ ಮೊದಲ ಸಲ ಸಿಟ್ಟಾದ. "ಯಾಕೆ ಬಾಯಿ ಹಾಕಿದ್ರಿ ಶೆಟ್ರೇ? ನಾನೇ ಒಪ್ಕೊಂಡಿದ್ರೆ ಕೈತಪ್ಪು ಅಂತ ಒಂದು ಬೈಗುಳದಲ್ಲಿ ಮುಗೀತಿತ್ತು. ಈಗ ಅವರ ಕಣ್ಣಲ್ಲಿ ನಾನು ಅತಿಥಿಯ ಬೆನ್ನ ಹಿಂದೆ ಅಡಗಿದವ."

ನಾನು ಮತ್ತೊಮ್ಮೆ ಹೋಗಿ ಹೇಳುತ್ತೇನೆ ಎಂದೆ. ಹೇಳಿದಷ್ಟೂ ನಿಮ್ಮ ಬೆಲೆ ಏರ್ತದೆ, ನನ್ನದು ಇಳೀತದೆ, ಸುಮ್ಮನಿರಿ ಎಂದ.

ಬಿಚ್ಚಿ ಕಟ್ಟಿದ್ದು

ಹೊಸ ಹತ್ತಿ ತರಿಸಿ ಮತ್ತೆ ಸುತ್ತಿದೆವು. ಈ ಸಲ ಮಗುವಿಗೆ ಅಂಗಿ ತೊಡಿಸುವಷ್ಟು ಸಡಿಲ. ಹಗ್ಗದ ಬದಲು ಅಗಲ ಪಟ್ಟಿ, ಸಂದುಗಳಿಗೆಲ್ಲ ಡಾಮರು, ತೇವ ನುಸುಳದಂತೆ. ನೋಡಲು ಡೊಳ್ಳು ಹೊಟ್ಟೆಯವನ ಹಾಗೆ ಅಸಹ್ಯವಾಗಿತ್ತು. ನಮ್ಮ ಅಂಗಳದಲ್ಲಿ ಇಂಥ ಮುಡಿ ಕಟ್ಟಿದರೆ ಊರು ಬಿಡಬೇಕು. ತೆಂಕಣ ಗಾಳಿ ಬೀಸಿಯೇ ಬೀಸಿತು, ಒಂದು ಹನಿ ಬೀಳಲಿಲ್ಲ. ಅಜ್ಜಿ ಮೊದಮೊದಲು ಚಾವಣಿ ನೋಡುತ್ತಲೇ ಮಲಗುತ್ತಿದ್ದಳು, ಕೊನೆಗೆ ಕಣ್ಣು ಮುಚ್ಚಿ ನಿದ್ದೆ ಹೋದಳು.

ಕೆಲಸದ ಹೊತ್ತಿನಲ್ಲಿ ಇದ್ದಿನಬ್ಬ ಮೊದಲಿನ ಹಾಗೆಯೇ ಮಾತಾಡಿದ, ಊರಿನ ಕಥೆ ಮಾತ್ರ ತೆಗೆಯಲಿಲ್ಲ. ನಾನು ಹೊರಡುವ ದಿನ ಹಾಜಿ ತಮ್ಮ ಕಾರಿನಲ್ಲೇ ಹಡಗುಕಟ್ಟೆಗೆ ಕಳಿಸಿದರು, ನನ್ನ ಎರಡೂ ಕೆನ್ನೆಗೆ ಮುತ್ತಿಟ್ಟು ನಿಮ್ಮಂಥವರು ಇನ್ನೊಮ್ಮೆ ಬರಬೇಕು ಎಂದರು. ಸುಣ್ಣ ಹೊಡೆದ ಎರಡು ಕೋಣೆಗಳ ವಿಷಯ ನಾನೇ ಕೇಳಿದೆ. ಅದನ್ನು ಮುಂದಿನ ವರ್ಷ ನೋಡೋಣ, ಇವನು ಮೊದಲು ತನ್ನ ಕೆಲಸಕ್ಕೆ ತಾನೇ ಎದೆಗೊಟ್ಟು ನಿಲ್ಲಲು ಕಲಿಯಲಿ ಎಂದರು. ಇದ್ದಿನಬ್ಬ ಪಕ್ಕದಲ್ಲೇ ನನ್ನ ಪೆಟ್ಟಿಗೆ ಹಿಡಿದುಕೊಂಡು ನಿಂತಿದ್ದ.

ವಾಮದಪದವು

ಐಸಮ್ಮನಿಗೆ ಸುದ್ದಿ ಮುಟ್ಟಿಸುವ ಕೆಲಸ ನನ್ನ ಪಾಲಿಗೆ ಬಂತು. ಬೇರೆ ಯಾರಿಗೂ ಒಪ್ಪಿಸಲು ಮನಸ್ಸಾಗಲಿಲ್ಲ. ಬಂಟ್ವಾಳದಲ್ಲಿ ಬಸ್ಸು ಹಿಡಿದು ವಾಮದಪದವಿಗೆ ಹೋದೆ. ಪೇಟೆಯಲ್ಲಿ ಅವಳ ಅಣ್ಣನ ಅಂಗಡಿ. ಹಿಂದುಗಡೆಯ ಜಗಲಿಗೆ ಅವಳನ್ನು ಕರೆಸಿದ. ಜಗಲಿಯಲ್ಲಿ ಹೊಸ ತಗಡಿನ ಟ್ರಂಕು, ಅದರ ಮೇಲೆ ಉಪ್ಪಿನಕಾಯಿಯ ಭರಣಿ, ಬಾಯಿ ಕಟ್ಟಿ ಇಟ್ಟದ್ದು. ಅವಳ ಆಡುಗಳನ್ನೆಲ್ಲ ಕಿರಿಯ ತಂಗಿಗೆ ಕೊಟ್ಟಾಯಿತು ಎಂದು ಅಣ್ಣ ಹೇಳಿದ.

"ಮನೆ ತಂಪಾಯ್ತಂತಲ್ಲ ಶೆಟ್ರೇ," ಎಂದಳು ಐಸಮ್ಮ. "ಹಾಗಾದ್ರೆ ನಾನು ಯಾವಾಗ ಹೊರಡುವುದು?"

ಎಲ್ಲ ಹೇಳಿದೆ. ಹತ್ತಿ, ಹಗ್ಗ, ಕೊಡತಿ, ಅಜ್ಜಿಯ ಮಡಿಲಿಗೆ ಬಿದ್ದ ಚಾವಣಿ. ಬಿಗಿ ಎಂದದ್ದು ನಾನು, ನಿಮ್ಮ ಗಂಡ ಬೇಡ ಎನ್ನುವವನಿದ್ದ, ನನ್ನಿಂದ ನಿಮ್ಮ ಪ್ರಯಾಣ ನಿಂತಿತು ಎಂದು ಅವಳಿಗೆ ಅರ್ಥವಾಗುವ ಹಾಗೆ ತುಳುವಿನಲ್ಲೇ ಬಿಡಿಸಿ ಹೇಳಿದೆ. ಸೆರಗನ್ನು ಬಾಯಿಗೆ ಹಿಡಿದು ಕೇಳಿಸಿಕೊಂಡಳು. ಟ್ರಂಕಿನ ಕಡೆ ಒಮ್ಮೆ ನೋಡಿದಳು.

"ನಿಮ್ಮಂಥವರ ಕೈಯಿಂದ ಹಾಗೆಲ್ಲ ಆಗ್ತದಾ? ನಮ್ಮವರದ್ದು ಅವಸರದ ಕೈ, ನನಗೆ ಗೊತ್ತುಂಟು. ಅಷ್ಟು ದೂರ ಕರೆಸಿ ನಿಮಗೆ ತಲೆ ತಗ್ಗಿಸುವ ಹಾಗೆ ಮಾಡಿದ್ರಲ್ಲ. ಮನಸ್ಸಿನಲ್ಲಿ ಇಟ್ಕೊಳ್ಬೇಡಿ ಶೆಟ್ರೇ. ಅವರ ಪರವಾಗಿ ನಾನು ಮಾಫಿ ಕೇಳ್ತೇನೆ."

ಇಲ್ಲ ಐಸಮ್ಮ, ತಪ್ಪು ನನ್ನದೇ ಎಂದೆ.

"ದೊಡ್ಡ ಮನಸ್ಸು ನಿಮ್ಮದು" ಎಂದಳು.